ಹೊಟ್ಟೆನೋವು ತಿಂಗಳದ್ದೋ, ತಟ್ಟೆಯದ್ದೋ? ಸೀಲಿಯಾಕ್ ಇರುವ ಹೆಂಗಸರಿಗೆ ಒಂಬತ್ತು ಸೂತ್ರಗಳು

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಬಿದ್ದೊಡನೆ ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ಸಣ್ಣ ಕರುಳಿನ ಮೇಲೇ ತಿರುಗಿ ಬೀಳುತ್ತದೆ. ಇದೇ ಸೀಲಿಯಾಕ್ ಕಾಯಿಲೆ. ನಮ್ಮ ದೇಶದಲ್ಲಿ ಇದು ಗೋಧಿ ತಿನ್ನುವ ಉತ್ತರದ ರಾಜ್ಯಗಳಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಕಡಿಮೆ ಇರುವುದರಿಂದಲೇ ಇಲ್ಲಿ ಬೇಗ ಯಾರ ತಲೆಗೂ ಹೊಳೆಯುವುದಿಲ್ಲ. ಹೆಂಗಸರಿಗೆ ಇನ್ನೊಂದು ತೊಡಕಿದೆ: ಕಾಯಿಲೆ ಗೊತ್ತಾಗುವ ಮುಂಚೆ ಹೊಟ್ಟೆಯ ಪ್ರತಿ ತೊಂದರೆಯೂ ಮುಟ್ಟಿನ ಲೆಕ್ಕಕ್ಕೆ ಹೋಗುತ್ತದೆ, ಗೊತ್ತಾದ ಮೇಲೆ ಎಲ್ಲವೂ ಗೋಧಿಯ ಲೆಕ್ಕಕ್ಕೆ. ಎರಡೂ ತಪ್ಪೇ.

1. ಮುಟ್ಟು ಕರುಳಿಗೆ ಏನು ಮಾಡುತ್ತದೆಂದು ಮೊದಲು ತಿಳಿಯಿರಿ. ಅಂಡ ಬಿಡುಗಡೆಯಾದ ಮೇಲಿನ ಸುಮಾರು ಎರಡು ವಾರ ಪ್ರೊಜೆಸ್ಟೆರಾನ್ ಹಾರ್ಮೋನು ಮೇಲೇರಿರುತ್ತದೆ. ಆಗ ಕೆಲವರ ಕರುಳು ನಿಧಾನವಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಮಲ ಗಟ್ಟಿಯಾಗುತ್ತದೆ. ಮುಟ್ಟು ಶುರುವಾಗುವ ಹೊತ್ತಿಗೆ ಆ ಹಾರ್ಮೋನು ಇಳಿದು, ಗರ್ಭಕೋಶದ ಒಳಪದರದಿಂದ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೊರಡುತ್ತದೆ. ಗರ್ಭಕೋಶವನ್ನು ಹಿಂಡುವುದು ಇದೇ. ಪಕ್ಕದ ಕರುಳನ್ನೂ ಸುಮ್ಮನೆ ಬಿಡುವುದಿಲ್ಲ. ಮೊದಲ ಒಂದೆರಡು ದಿನದ ಭೇದಿ, ನುಲಿತಕ್ಕೆ ಕಾರಣ ಇಷ್ಟೇ. ಗಟ್ಟಿಮುಟ್ಟಾಗಿರುವ ಹೆಂಗಸರಿಗೂ ಇದು ಇದ್ದದ್ದೇ. ಕರುಳು ಮೊದಲೇ ಕೆರಳಿದ್ದರೆ ಜೋರಾಗಿ ಕಾಣಿಸಬಹುದು. ಆದರೆ ಹಾರ್ಮೋನು ಸೀಲಿಯಾಕನ್ನು ಹುಟ್ಟಿಸುವುದಿಲ್ಲ; ‘ಈ ವಾರ ಹೊಟ್ಟೆ ಸರಿಯಾಗಿದೆ, ಒಂದು ಚಪಾತಿ ನಡೆಯುತ್ತದೆ’ ಎನ್ನುವ ವಾರವೂ ತಿಂಗಳಲ್ಲಿ ಇಲ್ಲ.

2. ಮೂರು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಡಿ. ಮುಟ್ಟಿನ ಮೊದಲ ದಿನಕ್ಕೆ 1 ಎಂದು ಹಾಕಿ ಮುಂದಿನ ಮುಟ್ಟಿನ ತನಕ ಎಣಿಸಿ. ಪ್ರತಿ ದಿನ ಒಂದು ಸಾಲು ಸಾಕು: ಏನು ತಿಂದೆ, ಎಲ್ಲಿ ತಿಂದೆ, ಹೊಟ್ಟೆ ಹೇಗಿತ್ತು. ಪ್ರತಿ ಸಲ 1, 2ನೇ ದಿನವಷ್ಟೇ ಭೇದಿಯಾಗಿ ನಿಂತರೆ ಬಹುಮಟ್ಟಿಗೆ ಅದು ಮುಟ್ಟಿನದು. 9ನೇ ದಿನ ಮದುವೆ ಮನೆಯ ಊಟ, ಅಂದು ರಾತ್ರಿ ವಾಂತಿ, ಆಮೇಲೆ ಎರಡು ಮೂರು ದಿನ ಸುಸ್ತು ಎಂದಿದ್ದರೆ ತಟ್ಟೆಯನ್ನು ವಿಚಾರಿಸಿ. ಮೊಬೈಲ್ ಆ್ಯಪ್ ಆದರೂ ಸರಿ, ಊಟ ಬರೆಯಲು ಜಾಗವಿರಬೇಕು.

3. ಇಂಗಿನ ಡಬ್ಬಿ ತಿರುಗಿಸಿ ಓದಿ. ಈ ಪಟ್ಟಿಯಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ ಎನ್ನುತ್ತೇನೆ. ನಾವು ಅಂಗಡಿಯಿಂದ ತರುವ ಇಂಗು ಅಪ್ಪಟ ಇಂಗಲ್ಲ. ಇಂಗಿನ ಅಂಟಿಗೆ ಹಿಟ್ಟು ಬೆರೆಸಿದ್ದು. ಆ ಹಿಟ್ಟು ಅಕ್ಕಿಯದಾಗಿರಬಹುದು, ಎಷ್ಟೋ ಡಬ್ಬಿಗಳಲ್ಲಿ ಗೋಧಿ ಅಥವಾ ಮೈದಾ. ಈಗ ಮುಟ್ಟಿನ ದಿನ ಮನೆಯಲ್ಲಿ ನಡೆಯುವುದನ್ನು ನೆನೆಯಿರಿ. ಹುಡುಗಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದಾಳೆ. ಅಜ್ಜಿ ಪ್ರೀತಿಯಿಂದ ಮಜ್ಜಿಗೆಗೆ ಚಿಟಿಕೆ ಇಂಗು, ಉಪ್ಪು ಹಾಕಿ ಕದಡಿ ಕೊಡುತ್ತಾರೆ. ಸಂಜೆ ‘ರಕ್ತ ಹೋಗಿದೆ, ಶಕ್ತಿ ಬರಲಿ’ ಎಂದು ಒಂದು ಲೋಟ ಮಾಲ್ಟ್ ಪುಡಿಯ ಹಾಲು. ಅಂಗಡಿಯ ಮಾಲ್ಟ್ ಪುಡಿಗಳಲ್ಲಿ ಹೆಚ್ಚಿನವು ಬಾರ್ಲಿಯವು, ಕೆಲವಕ್ಕೆ ಗೋಧಿಯೂ ಸೇರಿರುತ್ತದೆ. ಹೀಗೆ ಗ್ಲುಟೆನ್ ತಿಂಗಳಿಗೊಮ್ಮೆ, ಅದೇ ದಿನ, ಮದ್ದಿನ ವೇಷದಲ್ಲಿ ಬರುತ್ತದೆ. ಪುಸ್ತಕದಲ್ಲಿ ನೋಡಿದರೆ ಮುಟ್ಟಿನದೇ ತೊಂದರೆ ಎನ್ನಿಸುತ್ತದೆ. ಹಾಗಾಗಿ ಊಟದ ಸಾಲಿನಲ್ಲಿ ಮನೆಮದ್ದನ್ನೂ ಬರೆಯಿರಿ. ಇಂಗಿನ ಬದಲು ಜೀರಿಗೆ, ಓಮ ಹಾಕಿದ ನೀರು ಕುಡಿಯಬಹುದು. ಮನೆಯಲ್ಲೇ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟಿಗೆ ಅಡ್ಡಿಯಿಲ್ಲ.

4. ರಾಗಿ, ಜೋಳ, ಅಕ್ಕಿ ನಿಮ್ಮವು, ಗಿರಣಿ ನಿಮ್ಮದಲ್ಲ. ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿಯನ್ನೂ ಬೀಸುತ್ತಾರೆ. ಭಾರತದ ನಿಯಮದಂತೆ ಗ್ಲುಟೆನ್ ರಹಿತ ಎಂದು ಮಾರುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಗಿರಣಿಯ ಹಿಟ್ಟಿನಲ್ಲಿ ಎಷ್ಟಿದೆಯೆಂದು ಯಾರು ಅಳೆದಾರು? ಮನೆಯಲ್ಲೇ ಬೀಸಿಕೊಳ್ಳಿ. ಉಪ್ಪಿಟ್ಟು, ರವೆ ಇಡ್ಲಿ, ಸತ್ಯನಾರಾಯಣ ಪೂಜೆಯ ಸಪಾದ ಎಲ್ಲವೂ ಗೋಧಿ ರವೆಯವು. ಪ್ರಸಾದಕ್ಕೆ ಕೈಮುಗಿದು ಬಾಳೆಹಣ್ಣು ತೆಗೆದುಕೊಂಡರೆ ದೇವರೇನೂ ಮುನಿಯುವುದಿಲ್ಲ.

5. ರಕ್ತಹೀನತೆಗೆ ಮುಟ್ಟನ್ನು ಮಾತ್ರ ದೂರಬೇಡಿ. ಕಬ್ಬಿಣಾಂಶವನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗ. ಸೀಲಿಯಾಕ್ ಮೊದಲು ಕೆಡಿಸುವುದೂ ಅದನ್ನೇ. ಒಂದು ಕಡೆ ಒಳಗೆ ಬರುವುದಿಲ್ಲ, ಇನ್ನೊಂದು ಕಡೆ ತಿಂಗಳು ತಿಂಗಳೂ ಹೊರಗೆ ಹೋಗುತ್ತದೆ. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ‘ಸೀಲಿಯಾಕ್ ಪರೀಕ್ಷೆ ಮಾಡಿಸಲೇ?’ ಎಂದು ಡಾಕ್ಟರನ್ನು ನೀವಾಗಿಯೇ ಕೇಳಿ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ಕೂಡ ನೋಡಿಸಿ. ಮಾತ್ರೆಯನ್ನು ನಿಂಬೆರಸದ ಜೊತೆ ತೆಗೆದುಕೊಳ್ಳಿ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆಗೆ ಬೇರೆ ಹೊತ್ತು ಇಡಿ.

6. ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ. ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿಯಲ್ಲಿ ತೆಗೆಯುವ ಕರುಳಿನ ಚೂರು, ಎರಡೂ ನೀವು ಗೋಧಿ ತಿನ್ನುತ್ತಿರುವಾಗಲೇ ನಿಜ ಹೇಳುತ್ತವೆ. ಯಾರೋ ಹೇಳಿದರೆಂದು ಮೊದಲೇ ಬಿಟ್ಟವರು ಪರೀಕ್ಷೆಗಾಗಿ ಮತ್ತೆ ವಾರಗಟ್ಟಲೆ ತಿನ್ನಬೇಕಾಗುತ್ತದೆ.

7. ನೋವಿನ ಮಾತ್ರೆಯ ಮೇಲೂ ಒಂದು ಕಣ್ಣಿರಲಿ. ಮುಟ್ಟಿನ ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಮೆಫೆನಾಮಿಕ್ ಆ್ಯಸಿಡ್ ಕೆಲವರಿಗೆ ತಾನೇ ಭೇದಿ ತರಿಸುತ್ತದೆ. ಡಾಕ್ಟರರನ್ನು ಕೇಳಿ, ಊಟವಾದ ಮೇಲೆ ನುಂಗಿ, ಪುಸ್ತಕದಲ್ಲಿ ಬರೆಯಿರಿ. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರು, ನುಂಗಿದ ಕೆಲವೇ ಗಂಟೆಯಲ್ಲಿ ವಾಂತಿಯೋ ಜೋರು ಭೇದಿಯೋ ಆದರೆ ಅದು ಕೆಲಸ ಮಾಡದೇ ಹೋಗಬಹುದೆಂಬುದನ್ನು ಮರೆಯಬಾರದು.

8. ಇವು ಮುಟ್ಟಿನ ಲೆಕ್ಕಕ್ಕೆ ಸೇರುವುದಿಲ್ಲ: ತೂಕ ಇಳಿಯುತ್ತಲೇ ಇರುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಮಲದಲ್ಲಿ ರಕ್ತ, ಮೊಣಕೈ ಮೊಣಕಾಲಿನ ಮೇಲೆ ತುರಿಸುವ ಗುಳ್ಳೆ. ಗರ್ಭಿಣಿಯಲ್ಲದೆ ಮೂರು ತಿಂಗಳು ಮುಟ್ಟು ನಿಂತರೂ ಡಾಕ್ಟರ ಬಳಿ ಹೋಗಲು ತಡ ಮಾಡಬೇಡಿ. ಇನ್ನು ಗ್ಲುಟೆನ್ ಪೂರ್ತಿ ಬಿಟ್ಟ ಮೇಲೂ ಮುಟ್ಟಿನ ನೋವು ಹಾಸಿಗೆ ಹಿಡಿಸುವಷ್ಟಿದ್ದರೆ, ಮಲವಿಸರ್ಜನೆಗೂ ನೋವಾದರೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ಇದೆಯೇ ಎಂದು ಸ್ತ್ರೀರೋಗ ತಜ್ಞರಲ್ಲಿ ಕೇಳಬೇಕು. ಒಂದು ಕಾಯಿಲೆ ಇದ್ದವರಿಗೆ ಇನ್ನೊಂದು ಬರಬಾರದೆಂಬ ನಿಯಮವೇನಿಲ್ಲ.

9. ಮನೆಯ ಉಳಿದ ಹೆಣ್ಣುಮಕ್ಕಳನ್ನೂ ನೋಡಿ. ಸೀಲಿಯಾಕ್ ರಕ್ತಸಂಬಂಧದಲ್ಲಿ ಹರಿದು ಬರುವಂಥದ್ದು. ಚಿಕಿತ್ಸೆಯಿಲ್ಲದೆ ಉಳಿದರೆ ಹುಡುಗಿಯರು ಮೈನೆರೆಯುವುದು ತಡವಾಗಬಹುದು, ಮುಂದೆ ಗರ್ಭ ನಿಲ್ಲದೆಯೂ ಹೋಗಬಹುದು. ನಿಮಗೆ ಕಾಯಿಲೆ ಖಚಿತವಾಗಿದ್ದರೆ ತಾಯಿ, ಅಕ್ಕತಂಗಿ, ಮಕ್ಕಳಿಗೆ ಈ ತಿಂಗಳೇ ರಕ್ತಪರೀಕ್ಷೆ ಮಾಡಿಸಿ, ಅಣ್ಣತಮ್ಮಂದಿರನ್ನೂ ಬಿಡಬೇಡಿ.