ಮೊಬೈಲ್ ಮೂಲಕ ಹಣದ ಬಟವಾಡೆ

ಕೊಯ್ಲಿನ ಕಾಲದಲ್ಲಿ ಕೂಲಿ ಬಟವಾಡೆಗೆ ಚಿಲ್ಲರೆ ಒದಗದೆ ಹಿಡುವಳಿದಾರರು ಪಡುತ್ತಿದ್ದ ತೊಂದರೆಯು ಎಲ್ಲರೂ ಬಲ್ಲ ವಿಷಯವಷ್ಟೆ. ಈಗ ಸಂತೆಯಲ್ಲಿ ಸೊಪ್ಪು ಮಾರುವವರ ಮುಂದೆಯೂ ಕ್ಯೂಆರ್ ಹಲಗೆಯು ಕಾಣಬರುತ್ತದೆ. ಆದರೆ ಹಣವು ಎಲ್ಲಿದ್ದು ಹೇಗೆ ಸಾಗುತ್ತದೆಂಬುದನ್ನು ಅರಿಯದೆ ಬಳಸುವವರು ಮೋಸಕ್ಕೆ ಗುರಿಯಾಗುತ್ತಿರುವುದರಿಂದ, ಆ ಕ್ರಮವನ್ನು ಗ್ರಾಮದ ಮುಖಂಡರು ತಿಳಿದಿರುವುದು ಅವಶ್ಯಕ.

ಫೋನ್‌ಪೇ ಎಂಬ ಕಂಪೆನಿಯು 2015ನೆಯ ಇಸವಿ ಡಿಸೆಂಬರಿನಲ್ಲಿ ಸಮೀರ್ ನಿಗಮ್, ರಾಹುಲ್ ಚಾರಿ, ಬುರ್ಜಿನ್ ಇಂಜಿನಿಯರ್ ಎಂಬ ಮೂವರಿಂದ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. 2016ನೆಯ ಏಪ್ರಿಲಿನಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ಎಂಬ ಏರ್ಪಾಡನ್ನು ಹೊರತರಲು, ಅದೇ ವರ್ಷ ಆಗಸ್ಟಿನಲ್ಲಿ ಈ ಕಂಪೆನಿಯು ಅದನ್ನು ಅವಲಂಬಿಸಿ ಕೆಲಸವನ್ನಾರಂಭಿಸಿತು. ಈ ಏರ್ಪಾಡಿನಲ್ಲಿ ಹಣವು ಕೊಡುವವನ ಬ್ಯಾಂಕ್ ಲೆಕ್ಕದಿಂದ ಪಡೆಯುವವನ ಲೆಕ್ಕಕ್ಕೆ ನೇರವಾಗಿ ಹೋಗತಕ್ಕದ್ದು. ಕಂಪೆನಿಯು ಅಂಚೆಯವನಂತೆ ಅಪ್ಪಣೆಯನ್ನು ಮಾತ್ರ ಒಯ್ಯುತ್ತದೆ.

2020ನೆಯ ಮಾರ್ಚಿ 5ನೆಯ ತಾರೀಖು ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕಿನ ವ್ಯವಹಾರಕ್ಕೆ ನಿರ್ಬಂಧ ಹಾಕಿದಾಗ, ಆ ಬ್ಯಾಂಕನ್ನು ನೆಚ್ಚಿದ್ದ ಫೋನ್‌ಪೇ ಸುಮಾರು ಒಂದು ದಿನ ನಿಂತುಹೋಯಿತು. ಬೇರೆ ಬ್ಯಾಂಕುಗಳಲ್ಲಿದ್ದ ಜನರ ಹಣವು ಅಲ್ಲಿಯೇ ಭದ್ರವಾಗಿತ್ತು. ಫೋನ್‌ಪೇ ಮೂಲಕ ಸಾಗುವ ದಾರಿ ಮಾತ್ರ ಮುಚ್ಚಿತ್ತು. ಆದುದರಿಂದ ಬಟವಾಡೆಯ ದಿನ ಸ್ವಲ್ಪ ನಗದನ್ನು ಕೈಯಲ್ಲಿಟ್ಟುಕೊಂಡಿರುವುದು ಮೇಲು.

ಪಿನ್ ಎಂಬ ಗುಪ್ತಸಂಖ್ಯೆಯು ಹಣ ಕೊಡುವುದಕ್ಕೆ ಬೇಕಾದದ್ದು. ಪಡೆಯುವುದಕ್ಕೆ ಅದು ಎಂದಿಗೂ ಬೇಕಿಲ್ಲ. ಕುರಿ ಕೊಳ್ಳುವೆನೆಂದು ಫೋನಿನಲ್ಲಿ ಮಾತನಾಡಿದವನು, "ಮುಂಗಡ ಬರಬೇಕಾದರೆ ಈ ಕ್ಯೂಆರ್ ಹಿಡಿದು ಪಿನ್ ಒತ್ತಿರಿ" ಎಂದರೆ, ಅವನು ಕೊಳ್ಳುವವನಲ್ಲ, ಕಳ್ಳನು. ಹಾಗೆಯೇ ಹಣ ಕಳುಹಿಸಿದ್ದೇನೆಂದು ವ್ಯಾಪಾರಿಯು ತನ್ನ ಫೋನಿನಲ್ಲಿ ತೋರಿಸುವ ಚಿತ್ರವು ರಸೀತಿಯಾಗಲಾರದು. ಮಾರುವವನ ಲೆಕ್ಕಕ್ಕೆ ಜಮೆಯಾದುದನ್ನು ನೋಡಿಯೇ ಅಡಕೆಯ ಮೂಟೆಯನ್ನು ಗಾಡಿಗೆ ಏರಿಸತಕ್ಕದ್ದು. ಮೋಸವು ನಡೆದುಹೋದಲ್ಲಿ ನಾಚಿಕೆಯಿಂದ ಮುಚ್ಚಿಡದೆ ಕೂಡಲೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣವು ಕೈಯಿಂದ ಕೈಗೆ ದಾಟಿಬಿಡುತ್ತದೆ.

ಕೂಲಿಯ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಹತ್ತು ಆಳುಗಳ ಕೂಲಿಯನ್ನು ಮೇಸ್ತ್ರಿಯ ನಂಬರಿಗೆ ಒಟ್ಟಾಗಿ ಹಾಕುವುದು ಯಜಮಾನರಿಗೆ ಸುಲಭವೇ ಸರಿ. ಆದರೆ ಕಳೆ ಕಿತ್ತ ಹೆಂಗಸಿಗೆ ಆ ಹಣವು ಪೂರ್ತಿಯಾಗಿ ಮುಟ್ಟಿತೆ ಎಂಬುದಕ್ಕೆ ಆಧಾರವೇ ಉಳಿಯುವುದಿಲ್ಲ. ಗಂಡನ ಫೋನಿಗೆ ಹಾಕಿದರೂ ಅಷ್ಟೆ. ಆಕೆಯ ಹೆಸರಿನ ಲೆಕ್ಕಕ್ಕೇ ಹಾಕಿದರೆ ತಾರೀಖು, ಮೊಬಲಗು ಎರಡೂ ಅಲ್ಲಿ ದಾಖಲಾಗಿರುತ್ತವೆ. ಇಂಟರ್ನೆಟ್ ಇಲ್ಲದ ಗುಂಡಿ ಫೋನಿನವರಿಗೂ 2022ನೆಯ ಮಾರ್ಚಿಯಿಂದ ಯುಪಿಐ 123ಪೇ ಎಂಬ ಅನುಕೂಲವು ಏರ್ಪಟ್ಟಿದೆ. ಬ್ಯಾಂಕಿನಲ್ಲಿ ಲೆಕ್ಕವೇ ಇಲ್ಲದವಳಿಗೆ ಅದನ್ನು ತೆರೆಸಿಕೊಡುವುದು ಊರ ಮುಖಂಡರಿಗೆ ಒಂದು ಬೆಳಗಿನ ಕೆಲಸ. ಅಲ್ಲಿಯವರೆಗೆ ಆಕೆಯ ಕೂಲಿಯನ್ನು ನಗದಾಗಿ ಆಕೆಯ ಕೈಗೇ ಕೊಡತಕ್ಕದ್ದು.