ಕಿನ್ನರದ ಅವಳಿ ಸೂರ್ಯರು

ಮೇ, ಜೂನ್ ತಿಂಗಳುಗಳ ಇರುಳಿನಲ್ಲಿ ದಕ್ಷಿಣ ದಿಗಂತಕ್ಕೆ ಮುಖಮಾಡಿ ನಿಂತರೆ ತ್ರಿಶಂಕು ನಕ್ಷತ್ರಪುಂಜವೂ ಅದರ ಪೂರ್ವಕ್ಕೆ ಎರಡು ಉಜ್ವಲ ತಾರೆಗಳೂ ಕಾಣುತ್ತವೆ. ಇವೆರಡರಲ್ಲಿ ಪೂರ್ವದ ತುದಿಯಲ್ಲಿರುವುದು ಕಿನ್ನರ ಪುಂಜದ ಪ್ರಥಮ ತಾರೆ. ಪಾಶ್ಚಾತ್ಯರು ಇದನ್ನು ಆಲ್ಫ ಸೆಂಟಾರಿ ಎನ್ನುತ್ತಾರೆ. ನಮ್ಮ ನಾಡಿನಲ್ಲಿ ಇದು ಬಹಳ ಮೇಲೇರದು. ಮರಗಳ ಮರೆಯಿಲ್ಲದ ಬಯಲಿನಿಂದಲೇ ನೋಡಬೇಕು. ಬರಿಗಣ್ಣಿಗೆ ಅದು ಒಂದೇ ಬೆಳಕಿನ ಚುಕ್ಕೆ.

ಅದು ಒಂದಲ್ಲ, ಎರಡು ಎಂಬುದು ತಿಳಿದುಬಂದದ್ದು ಪುದುಚೇರಿಯಲ್ಲಿ. 1689ರ ಡಿಸೆಂಬರಿನಲ್ಲಿ ಅಲ್ಲಿ ಧೂಮಕೇತುವೊಂದನ್ನು ವೀಕ್ಷಿಸುತ್ತಿದ್ದ ಫ್ರೆಂಚ್ ಪಾದ್ರಿ ರಿಷೋ ಅವರ ದೂರದರ್ಶಕದಲ್ಲಿ ಈ ತಾರೆ ಎರಡಾಗಿ ತೋರಿತು. ಇವು ನಮ್ಮಿಂದ ಸುಮಾರು 4.3 ಜ್ಯೋತಿರ್ವರ್ಷ ದೂರದಲ್ಲಿವೆ. ಒಂದು ಸೂರ್ಯನಿಗಿಂತ ತುಸು ದೊಡ್ಡದು, ಇನ್ನೊಂದು ತುಸು ಚಿಕ್ಕದು. ಸುಮಾರು 80 ವರ್ಷಗಳಿಗೊಮ್ಮೆ ಅವು ಪರಸ್ಪರ ಸುತ್ತಿ ಬರುತ್ತವೆ. ಅವುಗಳ ನಡುವಣ ಅಂತರ ಒಮ್ಮೆ ಭೂಮಿ-ಸೂರ್ಯರ ಅಂತರದ 11 ಪಟ್ಟಿಗೆ ಇಳಿದರೆ, ಮತ್ತೊಮ್ಮೆ 36 ಪಟ್ಟಿಗೆ ಏರುತ್ತದೆ.

ಇಂತಹ ಇಬ್ಬರು ಸೂರ್ಯರ ಸೆಳೆತದ ನಡುವೆ ಗ್ರಹವೊಂದು ನೆಲೆನಿಲ್ಲಬಲ್ಲುದೆ? ತನ್ನ ತಾರೆಗೆ ಸಾಕಷ್ಟು ಸಮೀಪದಲ್ಲಿದ್ದರೆ ನಿಲ್ಲಬಲ್ಲುದೆಂದು ಗಣಿತ ಹೇಳುತ್ತದೆ. ಆದರೆ ನಿಲ್ಲಬಹುದೆನ್ನುವುದು ಬೇರೆ, ಇದೆಯೆನ್ನುವುದು ಬೇರೆ.

ಗ್ರಹವು ತನ್ನ ತಾರೆಯನ್ನು ಕಿಂಚಿತ್ತು ಅತ್ತಿತ್ತ ಎಳೆಯುತ್ತದೆ. ಆ ತೂಗಾಟ ತಾರೆಯ ಬೆಳಕಿನ ರೋಹಿತದಲ್ಲಿ ಗುರುತು ಮೂಡಿಸುತ್ತದೆ. 2012ರಲ್ಲಿ ಚಿಲಿ ದೇಶದ ಲಾ ಸಿಲ್ಲಾ ವೀಕ್ಷಣಾಲಯದ ಉಪಕರಣವನ್ನು ಬಳಸಿದ ವಿಜ್ಞಾನಿಗಳು, ಚಿಕ್ಕ ತಾರೆಯಲ್ಲಿ ಇಂತಹ ತೂಗಾಟವನ್ನು ಕಂಡೆವೆಂದೂ ಭೂಮಿಯಷ್ಟು ತೂಕದ ಗ್ರಹವೊಂದು ಅದನ್ನು 3.2 ದಿನಗಳಿಗೊಮ್ಮೆ ಸುತ್ತುತ್ತಿದೆಯೆಂದೂ ಪ್ರಕಟಿಸಿದರು. ತೂಗಾಟದ ವೇಗವಾದರೋ ಸೆಕೆಂಡಿಗೆ ಕೇವಲ ಅರ್ಧ ಮೀಟರು. ಅಂಬೆಗಾಲಿಡುವ ಮಗುವಿನ ವೇಗವೆನ್ನಬಹುದು! ಅಷ್ಟನ್ನು ಅಷ್ಟು ದೂರದಿಂದ ಅಳೆಯಹೊರಟದ್ದೇ ಒಂದು ಸಾಹಸ.

2015ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಅದನ್ನು ವಿಚಿತ್ರವಾದ ರೀತಿಯಲ್ಲಿ ಪರೀಕ್ಷಿಸಿದರು. ಗ್ರಹವೇ ಇಲ್ಲದ ತಾರೆಯೊಂದನ್ನು ಗಣಕಯಂತ್ರದಲ್ಲಿ ಕಲ್ಪಿಸಿ, ಹಿಂದಿನವರು ವೀಕ್ಷಿಸಿದ ವೇಳೆಗಳಲ್ಲಿಯೇ ಅದನ್ನೂ ‘ವೀಕ್ಷಿಸಿದರು’. ಅಲ್ಲಿಯೂ ಅದೇ 3.2 ದಿನಗಳ ಲಯ ಕಾಣಿಸಿತು! ವೀಕ್ಷಣೆಗಳ ನಡುವಣ ಬಿಡುವುಗಳೇ ಆ ಲಯವನ್ನು ಹುಟ್ಟಿಸಿದ್ದವು. ಗ್ರಹವು ಪಟ್ಟಿಯಿಂದ ಮರೆಯಾಯಿತು.

ದೊಡ್ಡ ತಾರೆಯ ಸರದಿ ಅನಂತರ ಬಂದಿತು. 2024ರ ಆಗಸ್ಟಿನಲ್ಲಿ ಜೇಮ್ಸ್ ವೆಬ್ ಅಂತರಿಕ್ಷ ದೂರದರ್ಶಕವು, ಆ ತಾರೆಯ ಪ್ರಖರ ಬೆಳಕನ್ನು ಮರೆಮಾಡಿ ಅದರ ಆಸುಪಾಸನ್ನು ಶೋಧಿಸಿತು. ತಾರೆಗಿಂತ 10,000 ಪಟ್ಟಿಗೂ ಮಿಕ್ಕಿ ಮಂದವಾದ ಬಿಂದುವೊಂದು ಅಲ್ಲಿ ಗೋಚರಿಸಿತು. ಅದು ಗ್ರಹವೇ ಆಗಿದ್ದರೆ ಶನಿಯಷ್ಟು ತೂಕದ ಅನಿಲಗ್ರಹವಾಗಿರಬೇಕು. 2025ರ ಫೆಬ್ರುವರಿಯಲ್ಲಿಯೂ ಏಪ್ರಿಲಿನಲ್ಲಿಯೂ ಮತ್ತೆ ಹುಡುಕಿದಾಗ ಅದು ಕಾಣಲಿಲ್ಲ. ಸುತ್ತುತ್ತ ತಾರೆಗೆ ತೀರ ಸಮೀಪಕ್ಕೆ ಸರಿದು ಮರೆಯಾಗಿದ್ದರೂ ಇರಬಹುದೆಂದು ಲೆಕ್ಕಗಳು ತೋರಿಸಿದವು. ಆ ವರ್ಷ ತಮ್ಮ ಲೇಖನಗಳನ್ನು ಪ್ರಕಟಿಸಿದ ಖಗೋಳಜ್ಞರು ಅದನ್ನು ‘ಗ್ರಹ’ವೆಂದು ಬರೆಯಲಿಲ್ಲ, ‘ಸಂಭಾವ್ಯ ಗ್ರಹ’ವೆಂದೇ ಬರೆದರು.