ಅಂಗಡಿಯ ಹಿಂದಿನ ಕೋಣೆಯ ಶಾಲೆ





ಉಪಾಲಿ ಥೇರರ ಕಥೆ ನಮಗೆಲ್ಲ ಗೊತ್ತು. ಶಾಕ್ಯ ರಾಜಕುಮಾರರ ಕ್ಷೌರಿಕನಾಗಿದ್ದವರು. ಭಗವಾನ್ ಬುದ್ಧರು ಆ ರಾಜಕುಮಾರರಿಗಿಂತ ಮೊದಲು ಉಪಾಲಿಗೆ ದೀಕ್ಷೆ ಕೊಟ್ಟರು. ಮೊದಲ ಸಂಗೀತಿಯಲ್ಲಿ ವಿನಯವನ್ನು ಹೇಳಿದವರೂ ಅವರೇ. ಇವತ್ತಿನ ಚಿಂತನೆಯಲ್ಲಿ ಅದೇ ಕಸುಬಿನ ಇನ್ನೊಬ್ಬರ ವಿಷಯ ಬರೆಯುತ್ತೇನೆ. ಹೆಸರು ಬರ್ನೀಸ್ ರಾಬಿನ್ಸನ್. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಚಾರ್ಲ್ಸ್ಟನ್ ಊರಿನ ಕಪ್ಪು ಹೆಂಗಸು. ಹೆಂಗಸರ ತಲೆಗೂದಲು ತಿದ್ದುವುದು, ಬಟ್ಟೆ ಹೊಲಿಯುವುದು ಅವರ ಜೀವನ. 1957ರ ಜನವರಿ 7ರ ರಾತ್ರಿ ಅವರು ಒಂದು ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ 14 ಜನರ ಎದುರು ಮೇಷ್ಟರಾಗಿ ನಿಂತರು. ಅದಕ್ಕೆ ಮೊದಲು ಅವರು ಎಲ್ಲಿಯೂ ಪಾಠ ಮಾಡಿದವರಲ್ಲ.

ಆ ಕೋಣೆ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಅಮೆರಿಕದ ಸಂವಿಧಾನದ 15ನೇ ತಿದ್ದುಪಡಿ 1870ರಲ್ಲೇ ಬಂದಿತ್ತು. ಬಣ್ಣದ ಕಾರಣಕ್ಕೆ ಮತ ನಿರಾಕರಿಸಬಾರದು ಎಂದು ಅದು ಹೇಳಿತು. ದಕ್ಷಿಣದ ರಾಜ್ಯಗಳ ಬಿಳಿಯರು ಬಣ್ಣದ ಮಾತನ್ನೇ ಎತ್ತದೆ ಬೇರೆ ದಾರಿ ಹುಡುಕಿದರು. ಓದು ಬರಹದ ಪರೀಕ್ಷೆ ಇಟ್ಟರು. ಸೌತ್ ಕೆರೊಲಿನಾದಲ್ಲಿ ರಾಜ್ಯ ಸಂವಿಧಾನದ ಒಂದು ಭಾಗವನ್ನು ಓದಿ ಬರೆದು ತೋರಿಸಬೇಕು, ಇಲ್ಲವೆ 300 ಡಾಲರ್ ಬೆಲೆಯ ಆಸ್ತಿ ಇರಬೇಕು. ಮಿಸಿಸಿಪ್ಪಿಯಲ್ಲಿ ಓದಿದರೆ ಸಾಲದು, ಅದರ ಅರ್ಥವನ್ನು ನೋಂದಣಿ ಅಧಿಕಾರಿಗೆ ಒಪ್ಪಿಗೆಯಾಗುವಂತೆ ವಿವರಿಸಬೇಕು. ಒಪ್ಪುವವನೂ ಬಿಳಿಯ, ಪ್ರಶ್ನೆ ಆರಿಸುವವನೂ ಬಿಳಿಯ. ಕಾಲೇಜು ಓದಿದ ಕಪ್ಪು ಜನರೂ ಫೇಲಾಗುತ್ತಿದ್ದರು. ಇನ್ನು ಕಪ್ಪು ಮಕ್ಕಳ ಶಾಲೆಗೆ ಹಣ ಕೊಡದೆ ಇಟ್ಟವರೂ ಇದೇ ಜನ. ಕಲಿಯಲು ಬಿಡದೆ ಇದ್ದವರೇ ಕಲಿತಿಲ್ಲ ಎಂದು ಬಾಗಿಲಿಂದ ಆಚೆ ಕಳಿಸುವುದು ನಮಗೇನೂ ಹೊಸ ವಿದ್ಯೆಯಲ್ಲ, ಅಲ್ಲವೇ.

ಚಾರ್ಲ್ಸ್ಟನ್ ಹತ್ತಿರದ ಜಾನ್ಸ್ ದ್ವೀಪದಲ್ಲಿ ಈಸಾ ಜೆಂಕಿನ್ಸ್ ಎಂಬ ರೈತರಿದ್ದರು. ದ್ವೀಪದ ಜನರನ್ನು ಊರಿನ ಕೆಲಸಕ್ಕೆ ಕರೆದೊಯ್ಯಲು ಒಂದು ಬಸ್ಸು ಇಟ್ಟಿದ್ದರು. ಓದಲು ಕಲಿಸಿಕೊಟ್ಟರೆ ನಾನೂ ಮತ ಹಾಕುತ್ತೇನೆ ಎಂದು ಒಬ್ಬ ಪ್ರಯಾಣಿಕ ಹೆಂಗಸು ಅವರನ್ನು ಕೇಳಿದರು. ಜೆಂಕಿನ್ಸ್ ಸಂವಿಧಾನದ ಆ ಭಾಗವನ್ನು ಬಸ್ಸಿನಲ್ಲೇ ಹೇಳಿಕೊಡತೊಡಗಿದರು. ಆಕೆ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯನ್ನೂ ದಾಟಿದರು. ಆದರೆ ಬಾಯಿಪಾಠ ಮಾಡಿದ್ದು ಓದಿದಂತಾಗುವುದಿಲ್ಲ ಎಂಬುದು ಆಕೆಗೂ ಗೊತ್ತು, ಜೆಂಕಿನ್ಸರಿಗೂ ಗೊತ್ತು.

ಇದೇ ದ್ವೀಪದಲ್ಲಿ 1916ರಲ್ಲಿ, 18ರ ವಯಸ್ಸಿನಲ್ಲಿ ಮೇಷ್ಟರಾಗಿ ಸೇರಿದ್ದವರು ಸೆಪ್ಟಿಮಾ ಕ್ಲಾರ್ಕ್. ಅವರ ತಂದೆ ಗುಲಾಮರಾಗಿ ಹುಟ್ಟಿದವರು. ಚಾರ್ಲ್ಸ್ಟನ್ ಪಟ್ಟಣದ ಸರ್ಕಾರಿ ಶಾಲೆಗಳಲ್ಲಿ ಆಗ ಕಪ್ಪು ಶಿಕ್ಷಕರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಆ ನಿಯಮದ ವಿರುದ್ಧ ಮನೆಮನೆ ಸುತ್ತಿ ಸಹಿ ಸಂಗ್ರಹಿಸಿದವರಲ್ಲಿ ಅವರೂ ಒಬ್ಬರು. ಬಿಳಿಯ ಶಿಕ್ಷಕರಷ್ಟೇ ಸಂಬಳ ಬೇಕೆಂಬ ಹೋರಾಟದಲ್ಲೂ ಇದ್ದರು. 1956ರಲ್ಲಿ ಕಪ್ಪು ಜನರ ಹಕ್ಕಿನ ಸಂಘಟನೆಯಾದ ಎನ್‌ಎಎಸಿಪಿಯ ಸದಸ್ಯರು ಸರ್ಕಾರಿ ಕೆಲಸದಲ್ಲಿ ಇರಬಾರದು ಎಂದು ರಾಜ್ಯ ಕಾನೂನು ಮಾಡಿತು. ಸದಸ್ಯತ್ವವನ್ನು ಮುಚ್ಚಿಡಬಹುದಿತ್ತು, ಬಿಡಬಹುದಿತ್ತು. ಕ್ಲಾರ್ಕ್ ಎರಡನ್ನೂ ಮಾಡಲಿಲ್ಲ. 40 ವರ್ಷದ ಸೇವೆಯ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಸರ್ಕಾರಿ ನೌಕರಿಯಲ್ಲಿರುವ ನಾವು ಈ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಇದನ್ನು ಬರೆಯುವಾಗ ನನ್ನ ಕೈಯೂ ನಿಧಾನವಾಯಿತು.

ಅವರು ಟೆನೆಸ್ಸಿಯ ಹೈಲ್ಯಾಂಡರ್ ಜಾನಪದ ಶಾಲೆಗೆ ಹೋದರು. ಮೈಲ್ಸ್ ಹಾರ್ಟನ್ ಎಂಬ ಬಿಳಿಯರು ನಡೆಸುತ್ತಿದ್ದ, ಕಪ್ಪು ಬಿಳಿಯರು ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದ ಜಾಗ ಅದು. ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟುಕೊಡದೆ ಕುಳಿತ ವರ್ಷವೇ, ಅಂದರೆ 1955ರ ಬೇಸಿಗೆಯಲ್ಲಿ, ಅಲ್ಲಿಯ ಒಂದು ಶಿಬಿರಕ್ಕೆ ಬಂದಿದ್ದರು. ಜೆಂಕಿನ್ಸ್ ಕೂಡ ದ್ವೀಪಕ್ಕೊಂದು ಶಾಲೆ ಬೇಕೆಂದು ಹೈಲ್ಯಾಂಡರಿಗೆ ಹೇಳಿದ್ದರು. ಹೈಲ್ಯಾಂಡರಿನ ಸಾಲದಿಂದ ದ್ವೀಪದ ಜನ ಒಂದು ಹಳೆಯ ಕಟ್ಟಡ ಕೊಂಡರು. ಮುಂದೆ ಸಹಕಾರಿ ಅಂಗಡಿ, ಹಿಂದೆ ತರಗತಿ. ಹೊರಗಿನಿಂದ ನೋಡಿದ ಬಿಳಿಯರಿಗೆ ಅಂಗಡಿ ಮಾತ್ರ ಕಾಣಬೇಕು.

ಮೇಷ್ಟರು ಯಾರಾಗಬೇಕು? ಇಲ್ಲಿದೆ ನನ್ನ ಕಸುಬಿಗೆ ಬಿದ್ದ ಪೆಟ್ಟು. ತರಬೇತಿ ಪಡೆದ ಶಾಲಾ ಶಿಕ್ಷಕರು ಬೇಡ ಎಂದು ಹಾರ್ಟನ್, ಕ್ಲಾರ್ಕ್ ಇಬ್ಬರೂ ತೀರ್ಮಾನಿಸಿದರು. ಮುಂಚೆ ನಡೆದ ವಯಸ್ಕರ ತರಗತಿಗಳಲ್ಲಿ ದೊಡ್ಡವರನ್ನು ಮಕ್ಕಳ ಡೆಸ್ಕಿನಲ್ಲಿ ಕೂರಿಸಿ ಮಕ್ಕಳ ಪುಸ್ತಕ ಕೊಟ್ಟಿದ್ದರು. ಜನ ನಾಚಿಕೆಯಿಂದ ಬಿಟ್ಟು ಹೋಗಿದ್ದರು. ಅದಕ್ಕೆ ಕ್ಲಾರ್ಕ್ ತಮ್ಮ ಸಂಬಂಧಿಯಾದ ರಾಬಿನ್ಸನ್ ಅವರನ್ನು ಒಪ್ಪಿಸಿದರು. ಕೂದಲು ತಿದ್ದುವವರಿಗೆ ಜನರ ಮಾತು ಕೇಳಿಸಿಕೊಳ್ಳುವ ಅಭ್ಯಾಸ ಇರುತ್ತದೆ. ಜೊತೆಗೆ ಅವರ ಗಿರಾಕಿಗಳು ಕಪ್ಪು ಹೆಂಗಸರೇ ಆದ್ದರಿಂದ ಯಾವ ಬಿಳಿಯನೂ ಅವರ ಹೊಟ್ಟೆಗೆ ಹೊಡೆಯುವಂತಿರಲಿಲ್ಲ.

ರಾಬಿನ್ಸನ್ ಮೊದಲ ರಾತ್ರಿ ಪಾಠ ಶುರು ಮಾಡಲಿಲ್ಲ, ನಿಮಗೆ ಏನು ಕಲಿಯಬೇಕು ಎಂದು ಕೇಳಿದರು. ಹೆಸರು ಬರೆಯಬೇಕು ಎಂದರು ಕೆಲವರು. ದೂರದಲ್ಲಿರುವ ಮಕ್ಕಳ ಕಾಗದ ಓದಬೇಕು, ಮನಿಯಾರ್ಡರ್ ಫಾರಂ ತುಂಬಬೇಕು, ಬೈಬಲ್ ಓದಬೇಕು ಎಂದರು ಇನ್ನು ಕೆಲವರು. ಅವೇ ಪಠ್ಯವಾದವು. ನೋಂದಣಿ ಅರ್ಜಿಯೂ ಪಠ್ಯವಾಯಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಗೋಡೆಗೆ ಅಂಟಿಸಿ, ತರಗತಿ ಮುಗಿಯುವಷ್ಟರಲ್ಲಿ ನೀವೆಲ್ಲ ಇದನ್ನು ಓದಬೇಕು ಎಂದರು. ನೇಗಿಲು ಹಿಡಿದ ಕೈ ಪೆನ್ಸಿಲನ್ನು ಬಿಗಿಯಾಗಿ ಹಿಡಿದು ಮುರಿಯುತ್ತಿತ್ತು. ಮುರಿದರೆ ಇನ್ನೊಂದು ಕೊಡುತ್ತಿದ್ದರು. ರಟ್ಟಿನ ಮೇಲೆ ಬರೆದ ಹೆಸರಿನ ಮೇಲೆ ಮತ್ತೆ ಮತ್ತೆ ಕೈಯಾಡಿಸಿ ಹೆಸರು ಕಲಿತರು. ದ್ವೀಪದ ಜನರ ಮಾತು ಗುಲ್ಲಾ ಎಂಬ ನುಡಿ. ಪೇಟೆಯವರು ನಗುವ ನುಡಿ. ಇಲ್ಲಿ ಯಾರೂ ನಗಲಿಲ್ಲ. ಬುದ್ಧವಚನವನ್ನು ಛಂದಸ್ಸಿಗೆ ಏರಿಸೋಣ ಎಂದು ಬಂದ ಇಬ್ಬರು ಭಿಕ್ಕುಗಳನ್ನು ಭಗವಾನರು ತಡೆದು, ಜನ ಅವರವರ ನುಡಿಯಲ್ಲೇ ಕಲಿಯಲಿ ಎಂದದ್ದು ನನಗೆ ಇಲ್ಲಿ ನೆನಪಾಗುತ್ತದೆ.

ಶಾಲೆ ಪಕ್ಕದ ದ್ವೀಪಗಳಿಗೆ ಹಬ್ಬಿತು. ಟೆನೆಸ್ಸಿ ಸರ್ಕಾರ ಹೈಲ್ಯಾಂಡರನ್ನು ಮುಚ್ಚಿಸುವ ಹೊತ್ತಿಗೆ, 1961ರಲ್ಲಿ, ಈ ಕೆಲಸವನ್ನು ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ವಹಿಸಿಕೊಂಡಿತು. ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಕ್ಲಾರ್ಕ್, ಡೊರೊತಿ ಕಾಟನ್, ಆಂಡ್ರ್ಯೂ ಯಂಗ್ ಹಳ್ಳಿಗಳಿಂದ ಬಂದವರನ್ನು ಮೇಷ್ಟರಾಗಿ ತಯಾರು ಮಾಡಿದರು.

ಹೀಗೆ ತಯಾರಾದವರಲ್ಲಿ ಒಬ್ಬರು ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್. ಹತ್ತಿ ತೋಟದಲ್ಲಿ 18 ವರ್ಷ ದುಡಿದವರು. 1962ರ ಆಗಸ್ಟ್ 31ರಂದು ನೋಂದಣಿಗೆ ಹೋದಾಗ ವಾಸ್ತವಿಕ ಕಾನೂನು ಎಂಬುದರ ಬಗ್ಗೆ ಬರೆಯಲು ಹೇಳಿ ಅವರನ್ನು ಫೇಲ್ ಮಾಡಿದರು. ಅದೇ ಸಂಜೆ ತೋಟದ ಒಡೆಯ ಅರ್ಜಿ ಹಿಂದಕ್ಕೆ ತೆಗೆದುಕೋ, ಇಲ್ಲವೇ ಹೊರಡು ಎಂದ. ಅವರು ಹೊರಟರು. ಮತ್ತೆ ಹೋಗಿ 1963ರ ಜನವರಿಯಲ್ಲಿ ಪಾಸಾದರು. ಆ ಜೂನ್‌ನಲ್ಲಿ ತರಬೇತಿ ಮುಗಿಸಿ ಬರುವಾಗ ವೈನೋನಾ ಊರಿನ ಜೈಲಿನಲ್ಲಿ ಹೊಡೆಸಿಕೊಂಡ ಏಟಿನ ನೋವು ಜೀವಮಾನವಿಡೀ ಉಳಿಯಿತು.

1965ರ ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಸಹಿ ಬಿತ್ತು. ದಕ್ಷಿಣದ ಆ ರಾಜ್ಯಗಳಲ್ಲಿ ಪರೀಕ್ಷೆ ನಿಂತಿತು. ಮಿಸಿಸಿಪ್ಪಿಯಲ್ಲಿ 1964ರಲ್ಲಿ ಮತದ ವಯಸ್ಸಿನ ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು ಶೇ. 7ಕ್ಕಿಂತ ಕಡಿಮೆ. 1967ಕ್ಕೆ ಸುಮಾರು ಶೇ. 60.

ಬಾಬಾಸಾಹೇಬರು 1929ರಲ್ಲೇ, ಸೈಮನ್ ಆಯೋಗದ ಕಾಲದ ತಮ್ಮ ಪ್ರತ್ಯೇಕ ವರದಿಯಲ್ಲಿ, ಅಕ್ಷರವನ್ನು ಮತದ ಅರ್ಹತೆಯಾಗಿ ಇಡುವವರ ತಪ್ಪನ್ನು ಬಿಡಿಸಿ ತೋರಿಸಿದ್ದರು. ಅಕ್ಷರ ಬಾರದವನು ಬುದ್ಧಿ ಇಲ್ಲದವನಲ್ಲ, ಅಕ್ಷರ ಬಂದ ಮಾತ್ರಕ್ಕೆ ಹೆಚ್ಚು ತಿಳಿವಳಿಕೆ ಬಂದಂತೆಯೂ ಅಲ್ಲ ಎಂಬುದು ಅವರ ವಾದ. 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಅವರು ಕಾಗದವನ್ನೂ ಬರೆದಿದ್ದರು. ಹಾಗಾಗಿ ನಮ್ಮ ಅಜ್ಜಿಯರು ಯಾವ ಪರೀಕ್ಷೆಯೂ ಇಲ್ಲದೆ ಮತ ಹಾಕಿದರು. ಆದರೂ ಮೊದಲ ಚುನಾವಣೆಯಲ್ಲಿ ಉತ್ತರ ಭಾರತದ ಕಡೆ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿತ್ತು. ಇಂಥವನ ಹೆಂಡತಿ, ಇಂಥವನ ತಾಯಿ ಎಂದರೇ ಹೊರತು ಅವರು ತಮ್ಮ ಸ್ವಂತ ಹೆಸರು ಹೇಳಿರಲಿಲ್ಲ.

ಕ್ಲಾರ್ಕ್ ಅವರ ಒಂದು ದೂರನ್ನು ಬಿಡಬಾರದು. ಕಿಂಗ್ ಅವರ ಸಂಘಟನೆಯ ಕಾರ್ಯಕಾರಿ ಮಂಡಳಿಯಲ್ಲಿ ಅವರಿದ್ದರು, ಆದರೆ ಗಂಡಸರು ಅವರ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಎಲ್ಲ ಮೆರವಣಿಗೆಗೂ ನೀವೇ ಮುಂದೆ ನಿಲ್ಲಬೇಡಿ, ಆಯಾ ಊರಿನವರನ್ನು ಮುಂದೆ ಬಿಡಿ ಎಂದು ಕಿಂಗ್ ಅವರಿಗೆ ಬರೆದರು. ಅದನ್ನು ಸಭೆಯಲ್ಲಿ ಓದಿದಾಗ ಎಲ್ಲರೂ ನಕ್ಕರಂತೆ. ನಮ್ಮ ಅಧ್ಯಯನ ಬಳಗದಲ್ಲೂ ಮಾತಾಡುವವರು ನಾವು ನಾಲ್ಕೈದು ಗಂಡಸರು. ಹಿಂದೆ ಗೋಡೆಗೆ ಒರಗಿ ಕೂರುವ ಅವ್ವಂದಿರನ್ನು ನಿಮಗೆ ಏನು ಕಲಿಯಬೇಕು ಎಂದು ನಾನು ಒಮ್ಮೆಯೂ ಕೇಳಿಲ್ಲ. ಬಿಎಲ್‌ಒ ಕೆಲಸಕ್ಕೆ ಹೋದಾಗ, ತಮ್ಮ ಹೆಸರು ಪಟ್ಟಿಯಲ್ಲಿ ತಪ್ಪಾಗಿದೆ ಎಂದು ಹತ್ತು ವರ್ಷ ತಿಳಿಯದೆ ಇದ್ದ ಒಬ್ಬ ಅವ್ವ ಸಿಕ್ಕಿದ್ದರು. ಅವರು ಪ್ರತಿ ಭಾನುವಾರ ನನ್ನ ಉಪನ್ಯಾಸ ಕೇಳುವವರು.

ಈ ಭಾನುವಾರ ವಂದನೆ ಮುಗಿದ ಮೇಲೆ ಉಪನ್ಯಾಸ ಇಲ್ಲ. ಮತದಾರರ ಪಟ್ಟಿ, ಹೊಸ ಹೆಸರಿಗೆ ಫಾರಂ 6, ತಿದ್ದುಪಡಿಗೆ ಫಾರಂ 8, ಪೆನ್ಸಿಲ್, ರಟ್ಟು ತರುತ್ತೇನೆ. ಮನೆಯ ಹಿರಿಯ ಹೆಂಗಸರನ್ನು ಕರೆತನ್ನಿ. ಅವರು ಮುಂದೆ ಕೂರಲಿ.

ಭವತು ಸಬ್ಬ ಮಂಗಲಂ. ಜೈ ಭೀಮ್.